ಹಿಂದೆ ಕೂತವರು ಆರಿಸುವ ಬೈಕು

ಆದವಾನಿ ಕಡೆಯವರು ದೊಡ್ಡ ಬೈಕು ಕೊಳ್ಳಲು ಹೊರಟಾಗ ಮನೆಯಾಕೆಯೂ ಜೊತೆಗೆ ಬಂದಿದ್ದರೆ, ಶೋರೂಮಿನ ಹುಡುಗ ಒಪ್ಪಿಸುವ ಸಿಸಿ, ಟಾರ್ಕು, ಮೈಲೇಜುಗಳ ಪಾಠವೆಲ್ಲ ಒಂದೇ ಪ್ರಶ್ನೆಯ ಮುಂದೆ ನಿಂತುಬಿಡುತ್ತದೆ: ‘ನಾ ಎಲ್ಲಿ ಕುಂದ್ರಬೇಕು?’

ಪ್ರಶ್ನೆ ಸಣ್ಣದಲ್ಲ. ಕಂಪನಿಗಳ ಜಾಹೀರಾತಿನಲ್ಲಿ ‘ಟೂರಿಂಗ್’ ಎಂದರೆ ಲಡಾಖಿನ ಹಿಮದ ಹಾದಿಯಲ್ಲಿ ಒಬ್ಬಂಟಿಯಾಗಿ ಹೋಗುವ ಗಡ್ಡದ ಯುವಕ. ಆದವಾನಿಯಿರುವ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ದೂರದ ಪ್ರಯಾಣ ಎಂದರೆ ಬೇರೆಯೇ ಚಿತ್ರ. ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆ, ರಾಯರ ಆರಾಧನೆಗೆ ಮಂತ್ರಾಲಯ, ಬಳ್ಳಾರಿಯಲ್ಲೊಂದು ಮದುವೆ, ರಾಯಚೂರಿನಲ್ಲೊಂದು ಸೀಮಂತ, ವರ್ಷಕ್ಕೊಮ್ಮೆ ಶ್ರೀಶೈಲ, ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದರೆ ಅಲ್ಲಿಗೂ ಒಂದು ಸುತ್ತು. ಹಿಂದೆ ಸೀರೆ ಉಟ್ಟ ಹೆಂಡತಿ, ನಡುವೆ ಒಂದು ಬ್ಯಾಗು, ಕೈಯಲ್ಲಿ ತೆಂಗಿನಕಾಯಿಯ ಚೀಲ. ಬೈಕು ಈ ಸಂಸಾರವನ್ನು ಹೊರಬೇಕು, ಇಳಿಸುವಾಗ ಇಬ್ಬರ ಬೆನ್ನೂ ನೆಟ್ಟಗಿರಬೇಕು.

ಈ ಓಡಾಟಕ್ಕೆ ಚರಿತ್ರೆಯ ಕಾರಣವೂ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳು ಮೈಸೂರಿಗೆ ಸೇರಿದವು. ಭೂಪಟ ಬದಲಾಯಿತು, ಬೀಗರು ಬದಲಾಗಲಿಲ್ಲ. ಗಡಿಯ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇವತ್ತಿಗೂ ಇವೆ. ತೆಲುಗಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುವುದು ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಮಾಮೂಲು. ಹೀಗಾಗಿ ಇಲ್ಲಿಯವರ ಬೈಕು ತಿಂಗಳಿಗೆರಡು ಸಲವಾದರೂ ರಾಜ್ಯದ ಗಡಿ ದಾಟುತ್ತದೆ. ಅದಕ್ಕೆ ಯಾರೂ ಟೂರಿಂಗ್ ಎಂಬ ಹೆಸರಿಟ್ಟಿಲ್ಲ, ಅಷ್ಟೆ.

ಬಳ್ಳಾರಿ ಕಡೆಯ ಹಗರಿಯ ಬಳಿ ಹುಟ್ಟುವ 167ನೇ ರಾಷ್ಟ್ರೀಯ ಹೆದ್ದಾರಿ ಆಲೂರು, ಆದವಾನಿ, ಎಮ್ಮಿಗನೂರು ಹಾದು, ರಾಯಚೂರು ಮುಟ್ಟಿ, ಮೆಹಬೂಬನಗರದ ಕಡೆಗೆ ಏರುತ್ತದೆ. ಆದವಾನಿಯಿಂದ ಮಂತ್ರಾಲಯಕ್ಕೆ ಸುಮಾರು 50 ಕಿ.ಮೀ., ಬಳ್ಳಾರಿಗೆ ಎಪ್ಪತ್ತರ ಆಸುಪಾಸು, ಕರ್ನೂಲಿಗೆ ನೂರು. ಗುತ್ತಿಯ ಬಳಿ 44ನೇ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೊರಟರೆ ಮುನ್ನೂರರ ಮೇಲೆ. ಕರ್ನೂಲು, ಆತ್ಮಕೂರು, ದೋರ್ನಾಲ ಮಾರ್ಗವಾಗಿ ಶ್ರೀಶೈಲವೂ ಹೆಚ್ಚುಕಡಿಮೆ ಅಷ್ಟೇ ದೂರ. ಕೊನೆಯಲ್ಲಿ ನಲ್ಲಮಲದ ಘಾಟಿ, ಹುಲಿ ಕಾಡಿನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ. ಅಂದರೆ ಬೆಳಕಿರುವಾಗಲೇ 300 ಕಿ.ಮೀ. ಮುಗಿಸಬೇಕು. ಈ ಭಾಗದ ಬೈಕಿಗೆ ಇದೇ ಪರೀಕ್ಷೆ.

ಈ ಪರೀಕ್ಷೆಗೆ ಎಷ್ಟು ಶಕ್ತಿ ಬೇಕು? ಸ್ಥೂಲ ಲೆಕ್ಕ ಹೀಗಿದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಸಮತಟ್ಟಾದ ರಸ್ತೆಯ ಮೇಲೆ ಸಾಗುವ ಬೈಕು ಗಾಳಿಯನ್ನು ಸೀಳಲು, ಚಕ್ರ ಉರುಳಿಸಲು ಖರ್ಚು ಮಾಡುವುದು ಒಂಬತ್ತು ಹತ್ತು ಅಶ್ವಶಕ್ತಿ ಮಾತ್ರ. ವೇಗವನ್ನು 120ಕ್ಕೆ ಏರಿಸಿದರೆ ಆ ಖರ್ಚು ದುಪ್ಪಟ್ಟಾಗಿ ಇಪ್ಪತ್ತರ ಹತ್ತಿರ ಬರುತ್ತದೆ. ಗಾಳಿಯ ತಡೆ ವೇಗದ ವರ್ಗದಲ್ಲಿ ಹೆಚ್ಚಿದರೆ, ಅದನ್ನು ಮೀರಲು ಬೇಕಾದ ಶಕ್ತಿ ಘನದಲ್ಲಿ ಹೆಚ್ಚುತ್ತದೆ. ರಾಯಲ್ ಎನ್‌ಫೀಲ್ಡಿನ 350 ಸಿಸಿ ಎಂಜಿನ್ನಿನ ಶಕ್ತಿ 20.2 ಬಿಎಚ್‌ಪಿ. 80–90ರಲ್ಲಿ ಅದು ಉಂಡು ಅಡ್ಡಾದವನಂತೆ ಆರಾಮಾಗಿ ಓಡುತ್ತದೆ. ನೂರು ದಾಟಿದರೆ ಏದುಸಿರು, 120ಕ್ಕೆ ಉಸಿರೇ ಇಲ್ಲ. 44ನೇ ಹೆದ್ದಾರಿಯ ಬಲಗಡೆ ಸಾಲಿನಲ್ಲಿ ಕಾರುಗಳ ಜೊತೆ ಓಡುವ ಆಸೆ ಇದ್ದವರಿಗೆ 40ರ ಆಸುಪಾಸಿನ ಅಶ್ವಶಕ್ತಿ ಬೇಕು. ಎಡಗಡೆ ಸಾಲಿನಲ್ಲಿ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, 85ರಲ್ಲಿ ಹೋಗುವವರಿಗೆ 20 ಸಾಕು.

ಶಕ್ತಿಯ ವಿಷಯದಲ್ಲಿ ತಲೆ ತಿರುಗಿದವರು ಒಂದು ಸಂಗತಿ ನೆನೆಯಬಹುದು. ಇದೇ ಆಂಧ್ರದ ವಿಶಾಖಪಟ್ಟಣದ ಭಾರದ್ವಾಜ ದಯಾಲ 2006ರಲ್ಲಿ ಪ್ರಪಂಚ ಸುತ್ತಲು ಹೊರಟದ್ದು 223 ಸಿಸಿಯ ಹೀರೊ ಹೋಂಡಾ ಕರಿಜ್ಮಾದ ಮೇಲೆ. ಹುಬ್ಬಳ್ಳಿ ಮೂಲದ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಸಿಡ್ನಿಯವರೆಗೆ ಹೋದದ್ದು ಬಜಾಜ್ ಡಾಮಿನಾರ್ 400ರಲ್ಲಿ. ದೂರ ಹೋಗಲು ಲೀಟರುಗಟ್ಟಲೆ ಎಂಜಿನ್ ಬೇಕಿಲ್ಲ ಎಂಬುದಕ್ಕೆ ಇವರಿಬ್ಬರು ಸಾಕು. ಅವರ ಹಿಂದೆ ಸೀರೆ ಉಟ್ಟವರು ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು.

ಹಿಂದಿನ ಸೀಟಿನ ಲೆಕ್ಕ ಬೇರೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಪ್ರತಿ ಬೈಕಿಗೂ ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಲೇಬೇಕು. ಸೀರೆ ಗಾರ್ಡು ಎಂದು ಎಲ್ಲರೂ ಕರೆಯುವುದು ಆ ಮರೆಯನ್ನೇ. ಅಡ್ವೆಂಚರ್ ಬೈಕು ಕೊಂಡವರು ಮೊದಲ ವಾರದಲ್ಲೇ ಅದನ್ನು ಬಿಚ್ಚಿಸಿ ಮೂಲೆಗೆ ಎಸೆಯುತ್ತಾರೆ. ಸೆರಗು ಚಕ್ರಕ್ಕೆ ಸಿಕ್ಕಿದ ಸುದ್ದಿ ಓದಿದ ಮೇಲೆ ಹುಡುಕುತ್ತಾರೆ. ಇನ್ನೊಂದು ತೊಡಕು ಡಬ್ಬಿಗಳದು. ಎರಡೂ ಬದಿಗೆ ಅಲ್ಯುಮಿನಿಯಂ ಪೆಟ್ಟಿಗೆ ಕಟ್ಟಿದರೆ ನೋಡಲು ಚೆಂದ, ಆದರೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂರುವವರಿಗೆ ಜಾಗವೇ ಇಲ್ಲ. ಒಂದು ಬದಿಗೆ ಕೂರುವುದು ಸುರಕ್ಷಿತವಲ್ಲ ಎಂದು ಹೇಳಬೇಕಾದ್ದು ಸರಿ. ದೂರದ ದಾರಿಗೆ ಚೂಡಿದಾರ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರುವ ಹೆಂಗಸರು ಈಗ ಹೆಚ್ಚುತ್ತಿದ್ದಾರೆ ಕೂಡ. ಹಾಗಿದ್ದರೂ ಮಠದ ಬಾಗಿಲಲ್ಲಿ ಇಳಿಯುವಾಗ ಸೀರೆಯೇ ಬೇಕು ಎನ್ನುವ ಮನೆಗಳು ಈ ಸೀಮೆಯಲ್ಲಿ ಬಹಳ. ಅಂಥವರಿಗೆ ಪೆಟ್ಟಿಗೆಯ ಬದಲು ಟ್ಯಾಂಕಿನ ಮೇಲೊಂದು ಬ್ಯಾಗು, ಹಿಂದೆ ಒಂದು ಕ್ಯಾರಿಯರ್ ಮೇಲು.

ಎತ್ತರವನ್ನೂ ನೋಡಬೇಕು. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಸೀಟು ನೆಲದಿಂದ 765 ಮಿ.ಮೀ., ಕ್ಲಾಸಿಕ್ 350ರದು 805, ಹೋಂಡಾ ಹೈನೆಸ್ ಸಿಬಿ350ಯದು 800, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ನದು 835. ಎನ್‌ಫೀಲ್ಡಿನದೇ ಹಿಮಾಲಯನ್ 450ರದನ್ನು 825ಕ್ಕೂ 845ಕ್ಕೂ ಹೊಂದಿಸಿಕೊಳ್ಳಬಹುದು. ಕೆಟಿಎಂ 390 ಅಡ್ವೆಂಚರ್ 2020ರಲ್ಲಿ ಬಂದಾಗ 855 ಇತ್ತು. ಇವೆಲ್ಲ ಸವಾರನ ಸೀಟಿನ ಎತ್ತರ. ಹಿಂದಿನದು ಅದಕ್ಕಿಂತ ಮೇಲೆ. ಐದೂವರೆ ಅಡಿಯ ಗಂಡಸಿಗೆ 855ರ ಮೇಲೆ ಎರಡೂ ಪಾದ ಊರುವುದು ಕಷ್ಟ. ಅವನು ಒಂಟಿ ಕಾಲ ತುದಿಯಲ್ಲಿ ನಿಂತಿರುವಾಗ ಹಿಂದಿನವರು ಏಣಿ ಹತ್ತುವಂತೆ ಹತ್ತಬೇಕು. ಬೈಕು ಬೀಳುವುದು ಹೆದ್ದಾರಿಯಲ್ಲಲ್ಲ, ಮನೆಯ ಮುಂದೆ.

ಹಾಗಾದರೆ ತಗ್ಗಿನ ಸೀಟಿನ ಮೀಟಿಯರ್ ತೆಗೆದುಕೊಂಡರೆ ಮುಗಿಯಿತಲ್ಲ? ಅಷ್ಟು ಸುಲಭವಿದ್ದರೆ ಲೇಖನವೇ ಬೇಕಿರಲಿಲ್ಲ. ಕ್ರೂಸರ್ ಎಂಬ ಈ ಜಾತಿಯ ಬೈಕಿನಲ್ಲಿ ಕಾಲು ಮುಂದೆ ಚಾಚಿರುತ್ತದೆ, ಮೈಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ. ಗುಂಡಿ ಬಂದಾಗ ಫುಟ್‌ರೆಸ್ಟಿನ ಮೇಲೆ ಅರ್ಧ ಎದ್ದು ನಿಲ್ಲಲು ಆಗುವುದಿಲ್ಲ. ಅದರ ಮುಂದಿನ ಫೋರ್ಕು ಕುಗ್ಗುವುದು 130 ಮಿ.ಮೀ. ಅಷ್ಟೆ, ಹಿಮಾಲಯನ್ 450 ಮುಂದೆಯೂ ಹಿಂದೆಯೂ 200 ಮಿ.ಮೀ. ಕುಗ್ಗುತ್ತದೆ. 44ನೇ ಹೆದ್ದಾರಿಯ ನುಣುಪಿನಲ್ಲಿ ಮೀಟಿಯರ್ ಆರಾಮಕುರ್ಚಿ. ಹೊಳಗುಂದದ ಕಡೆಯ ಒಳರಸ್ತೆಗೋ ಕೌತಾಳಂನಿಂದಾಚೆಯ ತುಂಗಭದ್ರೆಯ ದಂಡೆಗೋ ಇಳಿದರೆ ಅದೇ ಕುರ್ಚಿ ಎತ್ತಿನ ಗಾಡಿಯಾಗುತ್ತದೆ. ಹಾಗಾಗಿ ಕೊಳ್ಳುವವರು ತಮ್ಮ ವರ್ಷದ ಓಡಾಟದಲ್ಲಿ ಹೆದ್ದಾರಿ ಎಷ್ಟು, ಹಳ್ಳಿ ದಾರಿ ಎಷ್ಟು ಎಂದು ಬೆರಳು ಮಡಿಚಿ ಎಣಿಸಬೇಕು. ಆ ಎಣಿಕೆ ಯಾವ ಪರೀಕ್ಷಾ ವರದಿಯಲ್ಲೂ ಸಿಗುವುದಿಲ್ಲ.

ಸೀಟಿನ ಸ್ಪಂಜಿನ ಬಗ್ಗೆಯೂ ಒಂದು ಮಾತು. ಹೆಬ್ಬೆರಳಿನಲ್ಲಿ ಒತ್ತಿದರೆ ಮೆತ್ತಗೆ ಇಳಿಯುವ ಸೀಟು ಶೋರೂಮಿನಲ್ಲಿ ಹಿತ. ನೂರು ಕಿ.ಮೀ. ಆಗುವಷ್ಟರಲ್ಲಿ ಅದು ಚಪ್ಪಟೆಯಾಗಿ, ಕೆಳಗಿನ ಪ್ಲಾಸ್ಟಿಕ್ಕು ಮೂಳೆಗೆ ತಾಗುತ್ತದೆ. ತುಸು ಬಿರುಸಾದ, ಅಗಲವಾದ ಸೀಟೇ ದೂರಕ್ಕೆ ಬಾಳುವುದು. ಕಂಪನಿಯವರು ಕೊಡುವ ಟೆಸ್ಟ್ ರೈಡು ಎರಡು ಕಿಲೋಮೀಟರಿನದು, ಅದರಿಂದ ಏನೂ ಗೊತ್ತಾಗದು. ಆ ಮಾಡೆಲ್ ಇರುವ ನೆಂಟರನ್ನೋ ಗೆಳೆಯರನ್ನೋ ಹುಡುಕಿ, ಪೆಟ್ರೋಲು ಹಾಕಿಸಿ, ಇಬ್ಬರೂ ಕೂತು ಮಂತ್ರಾಲಯಕ್ಕೆ ಹೋಗಿಬರುವುದು ಒಳ್ಳೆಯ ಉಪಾಯ. ಹೋಗುತ್ತ ಬರುತ್ತ ನೂರು ಕಿ.ಮೀ., ಕಾಲು ಜೋಮು ಹಿಡಿಯಿತೋ ಇಲ್ಲವೋ ತಿಳಿಯುತ್ತದೆ. ರಾಯರ ದರ್ಶನವೂ ಆಗುತ್ತದೆ. ಆಗ ಮಂಚಾಲೆ ಎಂದಿದ್ದ ಮಂತ್ರಾಲಯ ಗ್ರಾಮವನ್ನು ರಾಯರಿಗೆ ಕೊಟ್ಟವನು ಆದವಾನಿಯ ನವಾಬ ಸಿದ್ದಿ ಮಸೂದ್ ಖಾನ್ ಎಂದು ಐತಿಹ್ಯ. ಹಾಗೆ ನೋಡಿದರೆ ಆದವಾನಿ–ಮಂತ್ರಾಲಯದ ದಾರಿ ಹದಿನೇಳನೇ ಶತಮಾನದಿಂದಲೂ ಚಾಲ್ತಿಯಲ್ಲಿದೆ.

ನಡುಕದ ಕಥೆ ಹಳೆಯದು. ಹಿಂದಿನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅರವತ್ತು ದಾಟಿದರೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತಿತ್ತು. ಅದರ ಎದುರಾಳಿ ನಮ್ಮ ಮೈಸೂರಿನದೇ. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 250 ಸಿಸಿಯ ಟೂ-ಸ್ಟ್ರೋಕ್ ಜಾವಾ, ಆಮೇಲೆ ಯೆಜ್ಡಿಗಳನ್ನು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರೂ ಗೇರೂ ಒಂದೇ ಸರಳಿನಲ್ಲಿದ್ದ ಆ ಗಾಡಿಯನ್ನು ಇಂದಿಗೂ ಒರೆಸಿ ಇಟ್ಟುಕೊಂಡವರು ಇದ್ದಾರೆ. ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಬಡಿಯುವಾಗ ಹುಟ್ಟುವ ನಡುಕವನ್ನು ತಣಿಸಲು ಎದುರು ದಿಕ್ಕಿಗೆ ತಿರುಗುವ ಒಂದು ತೂಕದ ದಂಡ ಬೇಕು. ಬ್ಯಾಲೆನ್ಸರ್ ಎನ್ನುವ ಆ ದಂಡ 2020ರ ನವೆಂಬರಿನಲ್ಲಿ ಬಂದ ಮೀಟಿಯರ್‌ನೊಂದಿಗೆ ಎನ್‌ಫೀಲ್ಡಿನ 350ಕ್ಕೆ ಸೇರಿತು. ಮರುವರ್ಷ ಕ್ಲಾಸಿಕ್ಕಿಗೂ ಬಂತು. ಆದ್ದರಿಂದ ಹಳೆಯ ಗಾಡಿ ಕೊಳ್ಳುವವರು ಬ್ಯಾಲೆನ್ಸರ್ ಸೇರುವುದಕ್ಕೆ ಮುಂಚಿನದೋ ಈಚಿನದೋ ಎಂದು ಕೇಳಲೇಬೇಕು. ಹೆಸರು ಒಂದೇ, ಒಳಗಿನ ಜೀವ ಬೇರೆ.

ಇನ್ನು ಈ ನೆಲ. ಆಲೂರಿನಿಂದ ಆದವಾನಿಯ ಸುತ್ತ ಹಬ್ಬಿರುವುದು ಎರೆ. ಹತ್ತಿಗೆ, ಜೋಳಕ್ಕೆ, ಕಡಲೆಗೆ ತಾಯಿಯಂಥ ಮಣ್ಣು. ಬೈಕಿಗೆ ಮಳೆಗಾಲದ ಶತ್ರು. ಒಂದು ಹದ ಮಳೆ ಬಿದ್ದ ಮೇಲೆ ಎರೆಯ ದಾರಿಯಲ್ಲಿ ಅರ್ಧ ಕಿ.ಮೀ. ಹೋದರೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದು, ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಚಕ್ರಕ್ಕೆ ಅಂಟಿಕೊಂಡಂತಿರುವ ಮಡ್‌ಗಾರ್ಡಿನ ಕ್ಲಾಸಿಕ್, ಹೈನೆಸ್‌ಗಳಿಗೆ ಈ ಕಾಟ ಹೆಚ್ಚು. ಕೊಕ್ಕಿನಂತೆ ಮೇಲಕ್ಕೆ ಎತ್ತಿಟ್ಟ ಮಡ್‌ಗಾರ್ಡು ಚೆಂದಕ್ಕೆ ಎಂದು ಪೇಟೆಯವರು ತಿಳಿದಿರಬಹುದು, ಅದರ ಬೆಲೆ ಗೊತ್ತಾಗುವುದು ಎರೆಯಲ್ಲಿ.

ಎರೆಯ ಬದುವಿನುದ್ದಕ್ಕೂ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಟೈರಿನ ಬ್ರ್ಯಾಂಡಿನ ಮೇಲೆ ಗೌರವವಿಲ್ಲ. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳು ಸಿಕ್ಕಿಕೊಂಡರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಮುಂದಿನ ಊರಿನ ಪಂಚರ್ ಅಂಗಡಿ ಮುಟ್ಟಬಹುದು. ಕಡ್ಡಿಚಕ್ರದೊಳಗೆ ಟ್ಯೂಬಿದ್ದರೆ ನಡುದಾರಿಯಲ್ಲೇ ಇಳಿದು, ಚಕ್ರ ಬಿಚ್ಚಿ, ನೆರಳು ಹುಡುಕಬೇಕು. ಮೀಟಿಯರ್‌ನ ಬಹುತೇಕ ಮಾದರಿಗಳಿಗೆ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. 2023ರಲ್ಲಿ ಹಿಮಾಲಯನ್ 450 ಬಂದಾಗ ಟ್ಯೂಬೇ ಇತ್ತು. ಟ್ಯೂಬ್‌ಲೆಸ್ ಕಡ್ಡಿಚಕ್ರ ಆಮೇಲೆ, ಹೆಚ್ಚಿನ ಬೆಲೆಗೆ ಸಿಕ್ಕಿತು. ಚಕ್ರದ ಈ ಒಂದು ವ್ಯತ್ಯಾಸಕ್ಕೆ, ಬಣ್ಣಕ್ಕೆ ಕೊಡುವ ಹಣವನ್ನು ಉಳಿಸಿ ಕೊಟ್ಟರೂ ನಷ್ಟವಿಲ್ಲ.

ಗಾಳಿಯದು ಇನ್ನೊಂದು ಬಗೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದ ಮಾರುತ ಈ ಬಯಲಿನ ಮೇಲೆ ತಡೆಯಿಲ್ಲದೆ ಬೀಸುತ್ತದೆ. ಆದವಾನಿಯಿಂದ ಬಳ್ಳಾರಿ ಇರುವುದೂ ನೈಋತ್ಯಕ್ಕೇ. ಹೋಗುವಾಗ ಮುಖಕ್ಕೆ ಗಾಳಿ, ಬರುವಾಗ ಬೆನ್ನಿಗೆ. ಗಂಟೆಗೆ 20 ಕಿ.ಮೀ. ಗಾಳಿಗೆ ಎದುರಾಗಿ 80ರಲ್ಲಿ ಹೋಗುವ ಎಂಜಿನ್ನಿಗೆ ನೂರರಲ್ಲಿ ಓಡಿದಷ್ಟು ಗಾಳಿಯ ತಡೆ. ‘ಬಳ್ಳಾರಿಗೆ ಹೋಗ್ತಾ ಮೈಲೇಜ್ ಕೊಡಲ್ಲ, ಬರ್ತಾ ಕೊಡುತ್ತೆ’ ಎಂದು ಯಾರಾದರೂ ಹೇಳಿದರೆ ನಗಬೇಕಿಲ್ಲ. ಮುಂದೊಂದು ಗಾಳಿಗಾಜು ಹಾಕಿಸುವುದು ಸರಿ, ಆದರೆ ಅರ್ಧ ಎತ್ತರದ ಗಾಜು ಎದೆಯ ಮೇಲಿನ ಗಾಳಿಯನ್ನು ಎತ್ತಿ ಹೆಲ್ಮೆಟ್ಟಿಗೆ ಬಡಿಸುತ್ತದೆ. ಎರಡು ತಾಸು ಆ ಗದ್ದಲ ಕೇಳಿದವರು ಗಾಜು ಬಿಚ್ಚಿಸಿದ್ದೇ ಹೆಚ್ಚು.

ಬಿಸಿಲಿನ ಮಾತು ಬಂದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಗಾಳಿಯಿಂದ ತಣಿಯುವ 350ರ ಎಂಜಿನ್ ಎಮ್ಮಿಗನೂರಿನ ಪೇಟೆಯಲ್ಲಿ ನಿಂತಾಗ ಮೊಣಕಾಲಿಗೆ ಕಾವು ಕೊಡುತ್ತದೆ. ನೀರಿನಿಂದ ತಣಿಯುವ 400ರ ಎಂಜಿನ್ ತಾನು ತಣ್ಣಗಿದ್ದು, ಫ್ಯಾನಿನ ಬಿಸಿಗಾಳಿಯನ್ನು ಸವಾರನ ಕಾಲಿಗೇ ಊದುತ್ತದೆ. ಒಟ್ಟಿನಲ್ಲಿ ಸುಡುವುದು ತಪ್ಪದು, ಜಾಗ ಬೇರೆ. ಇಲ್ಲಿ ಜನಕ್ಕೆ ತಿಳಿಯದ ಸೂಕ್ಷ್ಮವೊಂದಿದೆ: ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ, ಮೈಗೆ ಬಡಿಯುವ ಗಾಳಿ ತಂಪಿನ ಬದಲು ಶಾಖವನ್ನೇ ತರುತ್ತದೆ. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಓಡಿಸುವವನು ಬೇಗ ಒಣಗಿ ಸುಸ್ತಾಗುತ್ತಾನೆ. ತುಂಬುತೋಳಿನ ಹತ್ತಿ ಅಂಗಿ, ಕುತ್ತಿಗೆಗೆ ಒದ್ದೆ ಟವೆಲ್ಲು, ಒಂದೂವರೆ ತಾಸಿಗೊಮ್ಮೆ ಮಜ್ಜಿಗೆ, ಇವು ಯಾವ ದುಬಾರಿ ಜಾಕೀಟಿಗೂ ಕಡಿಮೆಯಿಲ್ಲ. ಬಿದ್ದಾಗ ಮೊಣಕೈ ಕಾಯುವ ಗುಣ ಮಾತ್ರ ಜಾಕೀಟಿನದೇ. ಅನುಭವಸ್ಥರು ಕೋಳಿ ಕೂಗುವ ಮೊದಲೇ ಹೊರಟು, ಬಿಸಿಲೇರುವಷ್ಟರಲ್ಲಿ ಉಗ್ಗಾಣಿ, ಮಿರ್ಚಿ ಬಜ್ಜಿಯ ಅಂಗಡಿ ಮುಂದೆ ಇರುತ್ತಾರೆ.

ಹಣದ ಲೆಕ್ಕಕ್ಕೆ ಬಂದರೆ, ದೆಹಲಿಯಲ್ಲಿ ಎಳೆದ ಗೆರೆಯೊಂದು ಆದವಾನಿಯ ಜೇಬಿನ ಮೇಲೆ ನೇರ ಹಾಯುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವು ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. 349 ಸಿಸಿಯ ಎನ್‌ಫೀಲ್ಡ್, 348ರ ಹೋಂಡಾ, 334ರ ಯೆಜ್ಡಿ ಗೆರೆಯ ಈಚೆ ನಿಂತವು. 398ರ ಟ್ರಯಂಫ್ ಸ್ಪೀಡ್, 452ರ ಹಿಮಾಲಯನ್ ಆಚೆ ಉಳಿದವು. ಎರಡು ಗುಂಪಿನ ತೆರಿಗೆಯ ಅಂತರ ಈಗ 22 ಅಂಶ. 350ರ ಗುಂಪಿನಲ್ಲಿ ಉಳಿದ ದುಡ್ಡಿನಲ್ಲಿ ಒಳ್ಳೆಯ ಸೀಟು, ಎರಡು ಐಎಸ್‌ಐ ಹೆಲ್ಮೆಟ್ಟು, ಹಿಂದಿನ ಒರಗು, ಶ್ರೀಶೈಲದ ಖರ್ಚು ಎಲ್ಲ ಕಳೆದು ಇನ್ನೂ ಮಿಗುತ್ತದೆ.

ಗಡಿಯ ಜನಕ್ಕೆ ನಂಬರ್ ಪ್ಲೇಟಿನ ಗೋಜೂ ಉಂಟು. ಬಳ್ಳಾರಿಯ ಬಾವನ ವಿಳಾಸದಲ್ಲಿ ಕೆಎ 34 ಮಾಡಿಸಿ ಆದವಾನಿಯಲ್ಲಿ ಓಡಿಸುವ ಜಾಣತನ ಹೊಸದಲ್ಲ. ಕಾನೂನು ಮಾತ್ರ ಸ್ಪಷ್ಟ: ಮಾಲೀಕ ಎಲ್ಲಿ ವಾಸವಿದ್ದಾನೋ ಗಾಡಿ ಎಲ್ಲಿ ಇರುತ್ತದೋ ಅಲ್ಲೇ ನೋಂದಣಿ, ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟರೆ ಹೊಸ ನಂಬರ್. ಕರ್ನೂಲಿನ ಹಳೆಯ ಎಪಿ 21 ಈಗ ಸಿಗುವುದಿಲ್ಲ. 2019ರಿಂದ ಇಡೀ ರಾಜ್ಯಕ್ಕೆ ಒಂದೇ ಸರಣಿ ಎಂದು ಎಪಿ 39 ಶುರುವಾಯಿತು. ಆ ಬೈಕು ಯಾವ ಊರಿನದು ಎಂದು ದೂರದಿಂದ ಗುರುತಿಸುವ ಸುಖ ಹೋಯಿತು.

ಇಷ್ಟೆಲ್ಲ ತೂಗಿದ ಮೇಲೆ ಈ ಸೀಮೆಯ ದಂಪತಿಗೆ ಯಾವುದು? ವರ್ಷದ ಓಡಾಟದಲ್ಲಿ ಮುಕ್ಕಾಲು ಪಾಲು ಡಾಂಬರಾದರೆ ಮೀಟಿಯರ್ ಅಥವಾ ಹೈನೆಸ್ ಸಾಕು. ಎರಡರ ಟ್ಯಾಂಕೂ 15 ಲೀಟರು. ಜಿಪುಣ ಲೆಕ್ಕದಲ್ಲಿ ಲೀಟರಿಗೆ 30 ಹಿಡಿದರೂ 450 ಕಿ.ಮೀ., ಬೆಂಗಳೂರು ದಾಟಿ ಇನ್ನೂ ಉಳಿಯುತ್ತದೆ. ಹೊಲಕ್ಕೂ ಹೋಗಬೇಕು, ಒಬ್ಬರೇ ಹೆಚ್ಚು ಓಡಾಡುವುದು, ಕಾಲು ಉದ್ದವಿದೆ ಎಂದರೆ 17 ಲೀಟರ್ ಟ್ಯಾಂಕಿನ ಹಿಮಾಲಯನ್. ಹಗುರ ಬೇಕು, ಕಡಿಮೆ ಬೆಲೆ ಬೇಕು ಎಂದರೆ 167 ಕೆ.ಜಿ.ಯ ವಿ-ಸ್ಟ್ರಾಮ್; ಹಿಮಾಲಯನ್‌ಗಿಂತ 29 ಕೆ.ಜಿ. ಕಡಿಮೆ ಎಂದರೆ ಒಂದು ಚಿಕ್ಕ ಮೂಟೆ ಜೋಳ ಇಳಿಸಿದಂತೆ. ಯಾವುದಕ್ಕೂ ಮೊದಲು ಆ ಕಂಪನಿಯ ಸರ್ವಿಸ್ ಎಲ್ಲಿ ಎಂದು ಕೇಳಬೇಕು. 500 ಕಿ.ಮೀ.ಯ ಮೊದಲ ಸರ್ವಿಸಿಗೇ ಕರ್ನೂಲಿಗೋ ಬಳ್ಳಾರಿಗೋ ಒಂದು ದಿನ ಕೊಡಬೇಕಾದರೆ, ಕ್ಲಚ್ ಕೇಬಲ್ ತುಂಡಾದ ದಿನ ಏನು ಗತಿ? ಊರಿನ ಮೇಸ್ತ್ರಿ ‘ಇದ್ರ ಸಾಮಾನು ನನ್ ಹತ್ರ ಇರಲ್ಲಣ್ಣ’ ಎಂದರೆ ಆ ಮಾತಿಗೆ ಯಾವ ಪತ್ರಿಕೆಯ ನಾಲ್ಕು ನಕ್ಷತ್ರಗಳಿಗಿಂತ ಹೆಚ್ಚು ತೂಕ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ವಜ್ರ ಹುಡುಕಲು ಜನ ಸೇರುತ್ತಾರೆ. ಮಳೆ ತೊಳೆದ ಮಣ್ಣಿನಲ್ಲಿ ಕಣ್ಣು ನೆಟ್ಟು ದಿನವಿಡೀ ನಡೆಯುತ್ತಾರೆ, ಗಡಿಯಾಚೆಯವರೂ ಬರುವುದುಂಟು. ಆಗ ಹೊಲದ ಅಂಚಿನಲ್ಲಿ ದೊಡ್ಡ ಬೈಕು ನಿಲ್ಲಿಸುವವರು ವಜ್ರಕ್ಕೆ ಮೊದಲು ಚಪ್ಪಟೆ ಕಲ್ಲೊಂದನ್ನು ಹುಡುಕಿಕೊಳ್ಳಬೇಕು. ಹಸಿ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಕೆಳಗೆ ಆ ಕಲ್ಲಿಡದಿದ್ದರೆ 190 ಕೆ.ಜಿ.ಯ ಬೈಕು ಮೆಲ್ಲಗೆ ವಾಲಿ ಮಲಗುತ್ತದೆ, ಕೆಸರಿನಲ್ಲಿ ಅದನ್ನು ಎತ್ತಲು ಮೂರು ಜನ ಬೇಕು.